ಅಯ್ಯನವರ ಮೊಣಕಾಲು

ಪಾದಪೂಜೆಯ ನಡುವೆ ಅಯ್ಯನವರು ಎದ್ದು ಓಡಿಹೋಗುವುದೆಂದರೆ ಸಣ್ಣ ಮಾತಲ್ಲ. ಶ್ರಾವಣದ ಮೊದಲ ಸೋಮವಾರ ಮಳಖೇಡದ ಚನ್ನುವಿನ ಮನೆಯಲ್ಲಿ ಅದೇ ಆಯಿತು. ಮಡಿವಾಳಯ್ಯನವರು ಕುರ್ಚಿಯ ಮೇಲೆ ಕೂತು ಹಿತ್ತಾಳೆಯ ಪರಾತದಲ್ಲಿ ಎರಡೂ ಪಾದ ಇಟ್ಟುಕೊಂಡಿದ್ದರು. ಚನ್ನು ತಂಬಿಗೆಯಿಂದ ಸಣ್ಣಗೆ ನೀರು ಬಿಡುತ್ತಿದ್ದ. ಅವನ ತಾಯಿ ಗುರುಬಸಮ್ಮ ಬಿಲ್ವಪತ್ರಿ ಹಿಡಿದು ಕಣ್ಣು ಮುಚ್ಚಿದ್ದಳು. ನೀರು ಜುಳುಜುಳು ಬೀಳುತ್ತಿದ್ದ ಹಾಗೆ ಅಯ್ಯನವರ ಮುಖ ಬಿಗಿಯಿತು, ಹಣೆಯ ಮೇಲೆ ಬೆವರು ಬಂತು. ಒಮ್ಮೆಲೇ ಎದ್ದವರು ಒದ್ದೆ ಕಾಲಲ್ಲೇ ಪರಾತ ದಾಟಿ, ವಿಭೂತಿಯ ತಟ್ಟೆ ಉರುಳಿಸಿ, ಯಾರಿಗೂ ಒಂದು ಮಾತು ಹೇಳದೆ ಹಿತ್ತಲ ಬಾಗಿಲಿನಿಂದ ಹೊರಟೇಹೋದರು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ಅಯ್ಯನವರು ಸಿಟ್ಟಾಗಿದ್ದಾರೆ. ಯಾಕೆ ಸಿಟ್ಟಾದರು ಅನ್ನುವುದಕ್ಕೆ ಓಣಿಗೊಂದು ಕಾರಣ ಹುಟ್ಟಿತು. ನೀರು ಸೋಸಿರಲಿಲ್ಲ ಅಂದರು ಕೆಲವರು. ಗುರುಬಸಮ್ಮ ಸೊಸೆಗೆ ಬೈದದ್ದು ಅಯ್ಯನವರ ಕಿವಿಗೆ ಬಿದ್ದಿದೆ ಅಂದರು ಇನ್ನು ಕೆಲವರು. ಚನ್ನುವಂತೂ ತನ್ನ ಪಾಪಗಳನ್ನೆಲ್ಲ ನೆನಪಿಸಿಕೊಂಡು ಒಂದು ವಾರ ಸರಿಯಾಗಿ ಉಣ್ಣಲಿಲ್ಲ.

ಖರೇ ಕಾರಣ ಇಷ್ಟೇ. ಅಯ್ಯನವರಿಗೆ ಅವಸರವಾಗಿ ಒಂದಕ್ಕೆ ಬಂದಿತ್ತು.

ಹೋದ ವರ್ಷ ಕಲಬುರಗಿಯಲ್ಲಿ ಪ್ರೋಸ್ಟೇಟ್ ಆಪರೇಷನ್ ಆದಾಗಿನಿಂದ ಹೀಗೆ. ಕೆಮ್ಮಿದರೆ ಹನಿ, ಸೀನಿದರೆ ಹನಿ, ಕೂತಲ್ಲಿಂದ ಎದ್ದರೆ ಹನಿ. ನೀರಿನ ಸಪ್ಪಳ ಕಿವಿಗೆ ಬಿದ್ದರಂತೂ ಮುಗಿದೇಹೋಯಿತು, ಮಳೆಗಾಲದ ಕಾಗಿಣಾ ಹೊಳೆಯ ಹಾಗೆ ಒಳಗಿಂದ ಒತ್ತಿಕೊಂಡು ಬರುತ್ತಿತ್ತು. ಆಪರೇಷನ್ ಮಾಡಿದ ಡಾಕ್ಟರು ಎಲ್ಲ ತಪಾಸಣೆ ಮಾಡಿ, "ಸೋಂಕಿಲ್ಲ, ಏನಿಲ್ಲ, ಎಲ್ಲಾ ಬರಾಬರ್ ಅದ. ಕೆಳಗಿನ ಸ್ನಾಯು ಸಡ್ಲಾಗ್ಯಾವ. ಫಿಜಿಯೋಥೆರಪಿಗೆ ಹೋಗ್ರಿ, ಕಸರತ್ತು ಕಲಿಸ್ತಾರ," ಅಂದಿದ್ದರು. ಅಯ್ಯನವರು ಹೋಗಲಿಲ್ಲ. ಅದರ ಬದಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಬಾಯಿ ಒಣಗಿತು, ತಲೆ ತಿರುಗಿತು, ಅವಸರ ಮಾತ್ರ ಇದ್ದಲ್ಲೇ ಇತ್ತು.

ನೀರಿನ ಸಪ್ಪಳ ಕೇಳಬಾರದ ಮನುಷ್ಯನ ಕಸುಬು ಕಾಲಿಗೆ ನೀರು ಹಾಕಿಸಿಕೊಳ್ಳುವುದು! ಶಿವ ಬೇಕಂತಲೇ ಹೀಗೆ ಮಾಡುತ್ತಾನೋ ಏನೋ. ಶ್ರಾವಣದ ಸೋಮವಾರಗಳು ಇನ್ನೂ ಬಾಕಿ ಇದ್ದವು. ಇನ್ನೊಂದು ಸಲ ನಡುವೆ ಎದ್ದರೆ ಊರಿನವರು ಸೇಡಂನಿಂದ ಬೇರೆ ಅಯ್ಯನವರನ್ನು ಕರೆಸುವುದು ಖಂಡಿತ. ಅಪ್ಪ, ಅಜ್ಜ ಕೂತ ಜಾಗ ತಪ್ಪಿಹೋಗುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದು. ಯಾವ ಪಾದದ ನೀರನ್ನು ಜನ ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೋ ಆ ಪಾದದ ಪಕ್ಕದಲ್ಲೇ ಒಂದು ದಿನ ಧೋತರ ಒದ್ದೆಯಾದರೆ?

ಭಾನುವಾರ ಬೆಳಿಗ್ಗೆ ಹೆಂಡತಿ ಸೂಗಮ್ಮ ರೊಟ್ಟಿಯ ಗಂಟು ಕೈಗೆ ಕೊಟ್ಟು ಒಳಬಾಗಿಲಿಗೆ ಅಡ್ಡ ನಿಂತಳು.

"ಧೋತ್ರ ಒಗಿಯಾಕಿ ನಾ ಇದ್ದೀನಿ. ನನ್ನ ಮುಂದ ಏನ್ ಮುಚ್ಚಿಡ್ತೀರಿ? ನಾಳೆ ಮತ್ತ ಸೋಮವಾರ. ಡಾಕ್ಟರ್ ಹೇಳಿದ ಆ ಕಸರತ್ ಕಲಿಸೋ ಹುಡುಗಿ ಹಂತ್ಯಾಕ ಇವತ್ತ ಹೋಗಿ ಬರ್ರಿ."

"ಹೆಣ್ಣಹುಡುಗಿ ಅದ ಅಂತೀನಿ. ಆಕಿ ಮುಂದ ಹ್ಯಾಂಗ ಬಾಯಿ ಬಿಡ್ಲಿ?"

"ಬಾಯಿ ಬಿಡದಿದ್ರ ಇನ್ನೊಂದ ಬಿಡ್ತದ. ನಡೀರಿ."

ಆ ಹುಡುಗಿಯ ಹೆಸರು ಸಮ್ರೀನ್. ವಾರವಿಡೀ ಕಲಬುರಗಿಯ ದವಾಖಾನೆಯಲ್ಲಿ ಕೆಲಸ, ಭಾನುವಾರ ಮಾತ್ರ ತನ್ನೂರು ಶಹಾಬಾದದ ಮನೆಯಲ್ಲಿ ರೋಗಿಗಳನ್ನು ನೋಡುತ್ತಿದ್ದಳು. ಅಯ್ಯನವರಿಗೆ ಅದೇ ಅನುಕೂಲ ಅನ್ನಿಸಿತು. ಸೇಡಂ, ಚಿತ್ತಾಪುರದಲ್ಲಿ ಎಲ್ಲರೂ ಪರಿಚಯದವರು, ಕಲಬುರಗಿಯಲ್ಲಿ ಹೆಂಡತಿಯ ತವರಿನವರು. ಶಹಾಬಾದದಲ್ಲಿ ತಮ್ಮನ್ನು ಯಾರು ಬಲ್ಲರು?

ಶಹಾಬಾದದಲ್ಲಿ ಯಾರೂ ಬಲ್ಲವರಿರಲಿಲ್ಲ, ಖರೇ. ಬಲ್ಲವರು ಇಲ್ಲಿಂದಲೇ ಬೆನ್ನು ಹತ್ತಿದರು.

ಮಳಖೇಡ ರೋಡ್ ಸ್ಟೇಷನ್ನಿನ ಕಟ್ಟೆಯ ಮೇಲೆ ತಮ್ಮಣ್ಣ ಕೂತಿದ್ದ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ವಾಚಮನ್ ಆಗಿ ನಿವೃತ್ತನಾದವನು. ನೌಕರಿ ಮುಗಿದರೂ ಹೋಗಿಬರುವವರನ್ನು ತಡೆದು ವಿಚಾರಿಸುವ ಚಟ ಬಿಟ್ಟಿರಲಿಲ್ಲ.

"ಶರಣ್ರಿ ಅಪ್ಪೋರ. ಎಲ್ಲಿಗಿ ಹೊಂಟೀರಿ?"

"ಶಹಾಬಾದಕ್ಕ."

"ಶಹಾಬಾದದಾಗ ಏನ್ ಕೆಲಸರಿ?"

"ದವಾಖಾನಿಗಿ."

"ದವಾಖಾನಿಗಿ ಯಾಕ್ರಿ?"

ಅಯ್ಯನವರು ಹಳಿಯ ಕಡೆ ನೋಡಿದರು. ಗಾಡಿ ಇನ್ನೂ ಬಂದಿರಲಿಲ್ಲ. "ಮೊಣಕಾಲ ನೋವು," ಅಂದುಬಿಟ್ಟರು.

"ಯಾವ ಕಾಲರಿ?"

ಅಯ್ಯನವರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಒಂದು ಕಾಲು ಹೇಳಿದರೆ ಮುಂದೆ ಯಾವುದೆಂದು ಮರೆತುಹೋದೀತೆಂದು, "ಎರಡೂ," ಅಂದರು.

ತಮ್ಮಣ್ಣ ಎದ್ದೇ ನಿಂತ. "ಅಯ್ಯ, ನನ್ನವೂ ಎರಡೂ ಹೋಗ್ಯಾವ್ರಿ! ಅಪ್ಪೋರೇ ಹುಡುಕ್ಯೊಂಡ ಹೊಂಟಾರಂದ್ರ ಡಾಕ್ಟರ್ ಭಾರಿ ಇರಬೇಕು. ನಡೀರಿ, ನಾನೂ ಬರ್ತೀನಿ." ಹೀಗಂದವನು ಮನೆಗೆ ಫೋನು ಹಚ್ಚಿ ಮಧ್ಯಾಹ್ನ ತನಗೆ ಅಡುಗೆ ಬೇಡವೆಂದು ಹೇಳಿಯೂ ಬಿಟ್ಟ.

ಗಾಡಿ ಬರುವ ಹೊತ್ತಿಗೆ ಚನ್ನು ಓಡುತ್ತ ಬಂದ. ಅಯ್ಯನವರ ಮನೆಗೆ ಹೋಗಿ ಕೇಳಿದ್ದಾನೆ, ಸ್ಟೇಷನ್ನಿಗೆ ಹೋದರೆಂದು ತಿಳಿದಿದೆ. ಪ್ಲಾಟ್‌ಫಾರ್ಮಿನ ಮೇಲೆಯೇ ಅಯ್ಯನವರ ಕಾಲಿಗೆ ಬಿದ್ದ.

"ಏನ್ ತಪ್ಪಾಯ್ತು ಹೇಳ್ರಿ ಅಪ್ಪೋರ. ತಪ್ಪ ಹೇಳೋ ತನಕ ನಿಮ್ಮ ಪಾದ ಬಿಡಂಗಿಲ್ಲ."

ಪಾದ ಬಿಡದಿದ್ದರೆ ಗಾಡಿ ಬಿಡುತ್ತಿತ್ತು. ಹಾಗಾಗಿ ಮೂವರೂ ಹತ್ತಿದರು. ಕಿಟಕಿಯ ಪಕ್ಕ ಅಯ್ಯನವರು, ಎದುರಿಗೆ ತಮ್ಮಣ್ಣ, ಪಕ್ಕದಲ್ಲಿ ಕೈಕಟ್ಟಿಕೊಂಡು ಚನ್ನು. ಚಿತ್ತಾಪುರ ದಾಟಿದ ಮೇಲೆ ಚನ್ನು ದನಿ ತಗ್ಗಿಸಿ ಹೇಳಿದ.

"ನನಗ ಗೊತ್ತಾತ್ರಿ ಅಪ್ಪೋರ. ಹೋದ ತಿಂಗಳ ಕಲಬುರಗ್ಯಾಗ ಕೋಳಿ ತತ್ತಿ ತಿಂದೀನಿ. ದೋಸ್ತರು ಬಲವಂತ ಮಾಡಿದ್ರು. ಅದೇ ನಿಮಗ ಕಣ್ಣಿಗಿ ಕಂಡದ."

"ಆಗ್ಲಿ ಬಿಡಪ್ಪ. ಅದಕ್ಕೆಲ್ಲಾ ನಾ ಎದ್ದಿಲ್ಲ."

ಚನ್ನುವಿನ ಮುಖ ಇನ್ನಷ್ಟು ಇಳಿಯಿತು. ತತ್ತಿಗೆ ಏಳಲಿಲ್ಲ ಅಂದರೆ ಅದಕ್ಕಿಂತ ದೊಡ್ಡದಕ್ಕೇ ಎದ್ದಿರಬೇಕು. ವಾಡಿ ಜಂಕ್ಷನ್ ಕಾಣುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಹೊಲದ ಬಾಂದಿನ ಕಲ್ಲು, ಅಪ್ಪೋರ. ದೊಡ್ಡಪ್ಪನ ಮಗನ ಹೊಲದ ಕಡಿಗಿ ಒಂದ್ ಮೊಳ ಸರಿಸೀನಿ. ಮಂದಿಗಿ ಗೊತ್ತಿಲ್ಲ."

ತಮ್ಮಣ್ಣ ಮುಂದಕ್ಕೆ ಬಾಗಿದ. ಅವನಿಗೂ ಚನ್ನುವಿನ ದೊಡ್ಡಪ್ಪನ ಮಗನಿಗೂ ಭಾಳ ದೋಸ್ತಿ. "ಯಾವ ಕಡಿ ಕಲ್ಲು?" ಅಂತ ಕೇಳಿದ.

ಇನ್ನು ಸುಮ್ಮನಿದ್ದರೆ ಈ ಹುಡುಗ ಮನೆಮಾರು ಹಾಳುಮಾಡಿಕೊಳ್ಳುತ್ತಾನೆ ಅಂತ ಅಯ್ಯನವರಿಗೆ ಕನಿಕರ ಬಂತು. "ಚನ್ನು, ನಿಂದೇನೂ ತಪ್ಪಿಲ್ಲ. ನನಗ ಮೊಣಕಾಲ ನೋವು. ಕೂಡ್ಲಿಕ್ಕಾಗಲಿಲ್ಲ, ಎದ್ದೆ. ಅಷ್ಟೇ."

ಚನ್ನು ಬಾಯಿ ತೆರೆದು ಒಮ್ಮೆ ಅಯ್ಯನವರನ್ನು ನೋಡಿದ, ಒಮ್ಮೆ ತಮ್ಮಣ್ಣನನ್ನು ನೋಡಿದ. "ಚಿತ್ತಾಪುರದಾಗೇ ಹೇಳಬಾರದಾಗಿತ್ತೇನ್ರಿ ಅಪ್ಪೋರ," ಅಂದ. ಅಳುವುದೊಂದು ಬಾಕಿ.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಇಳಿದ ಕೂಡಲೇ ಅಯ್ಯನವರ ಕಣ್ಣಿಗೆ ಬಿದ್ದದ್ದು ಪ್ಲಾಟ್‌ಫಾರ್ಮಿನ ನಳ. ಯಾರೋ ಅದನ್ನು ಪೂರ್ತಿ ಬಂದ್ ಮಾಡದೆ ಹೋಗಿದ್ದರು. ಅಯ್ಯನವರು ಧೋತರ ಎತ್ತಿ ಹಿಡಿದು, ಜನರ ಗಂಟುಮೂಟೆ ದಾಟಿ, ಪ್ಲಾಟ್‌ಫಾರ್ಮಿನ ಆ ತುದಿಯ ಶೌಚಾಲಯದ ತನಕ ಹಿಂದೆ ನೋಡದೆ ಓಡಿದರು.

"ಎರಡೂ ಮೊಣಕಾಲ ಹೋದವರು ಹಿಂಗ ಓಡ್ತಾರೇನು?" ಅಂತ ತಮ್ಮಣ್ಣ ಬೆರಗಾದ.

"ಅವರು ಅಯ್ಯನೋರು. ನಮ್ಮಂಗ ಅಲ್ಲ," ಅಂದ ಚನ್ನು. ಮಾತು ಅಲ್ಲಿಗೆ ಮುಗಿಯಿತು. ಭಕ್ತಿ ಇದ್ದವನಿಗೆ ಯಾವುದಕ್ಕೂ ಉತ್ತರ ಸಿಗುತ್ತದೆ.

ಶಹಾಬಾದದಲ್ಲಿ ಸಮ್ರೀನಳ ಮನೆಯ ಮುಂದಿನ ಖೋಲಿಯೇ ದವಾಖಾನೆ. ನಾಲ್ಕು ಕುರ್ಚಿ, ಒಂದು ಮಂಚ, ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಏನು ಮಾತಾಡಿದರೂ ಈಚೆ ಕೂತವರಿಗೆ ಕೇಳುತ್ತಿತ್ತು. ಕೇಳದಿದ್ದರೆ ತಮ್ಮಣ್ಣ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಿದ್ದ.

ಸಮ್ರೀನ್ ಅಯ್ಯನವರ ಮಗಳಿಗಿಂತ ಎಷ್ಟೋ ಚಿಕ್ಕವಳು. ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡು, "ಏನ್ ತ್ರಾಸ ಅದ್ರಿ ಅಜ್ಜಾರ?" ಅಂತ ಕೇಳಿದಳು.

ಅಯ್ಯನವರು ಬಾಯಿ ತೆರೆದರು. ಪರದೆಯ ಕೆಳಗೆ ತಮ್ಮಣ್ಣನ ಚಪ್ಪಲಿ ಕಾಣಿಸಿದವು. "ಮೊಣಕಾಲು," ಅಂದರು.

"ಎರಡೂ ಮೊಣಕಾಲ್ರಿ," ಅಂತ ಪರದೆಯ ಆಚೆಯಿಂದ ಚನ್ನು ಸೇರಿಸಿದ.

ಸಮ್ರೀನ್ ಒಂದು ಕಾಲು ಮಡಚಿ ನೋಡಿದಳು, ಇನ್ನೊಂದು ಕಾಲು ಎತ್ತಿ ನೋಡಿದಳು, ಕೂಡಿಸಿ ಏಳಿಸಿದಳು. "ನಿಮ್ಮ ಮೊಣಕಾಲ ನನ್ನವಕ್ಕಿಂತ ಚಲೋ ಅವ," ಅಂದಳು. ಅಯ್ಯನವರು ಪರದೆಯ ಕಡೆ ನೋಡಿದರು. "ಆಗ್ಲಿ, ಥೋಡೆ ಕರೆಂಟಿನ ಶಾಖ ಕೊಟ್ಟು ನೋಡಾಮು," ಅಂತ ಅವಳು ಯಂತ್ರದ ಪಟ್ಟಿ ಒದ್ದೆ ಮಾಡಲು ಮೂಲೆಯ ನಳ ತಿರುಗಿಸಿದಳು.

ಅಯ್ಯನವರು ಮಂಚದ ಅಂಚು ಗಟ್ಟಿಯಾಗಿ ಹಿಡಿದರು. ಕಾಲಿನ ಮೇಲೆ ಕಾಲು ಹಾಕಿ ಬಿಗಿದರು. ಕಣ್ಣು ಗುಡ್ಡೆ ಹೊರಗೆ ಬಂದವು.

ಸಮ್ರೀನ್ ಅವರನ್ನು ನೋಡಿದಳು, ನಳವನ್ನು ನೋಡಿದಳು. ನಳ ಬಂದ್ ಮಾಡಿದಳು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ಏನರೆ ಆಪರೇಷನ್ ಆಗ್ಯದೇನ್ರಿ?" ಅಂದಳು. ಅಯ್ಯನವರು ತಲೆಯಾಡಿಸಿದರು. ಅವಳು ಮತ್ತೇನೂ ಕೇಳದೆ ಬೆನ್ನು ಉಜ್ಜುವ ಒಂದು ಹಳೆಯ ಯಂತ್ರ ತಂದು ಖಾಲಿ ತಗಡಿನ ಸ್ಟೂಲಿನ ಮೇಲಿಟ್ಟು ಚಾಲೂ ಮಾಡಿದಳು. ಜೋ ಅಂತ ಹಿಟ್ಟಿನ ಗಿರಣಿಯಂತಹ ಸದ್ದು ಖೋಲಿ ತುಂಬಿತು.

"ಈಗ ಹೇಳ್ರಿ ಅಜ್ಜಾರ. ಹೊರಗ ಕೂತವರಿಗೆ ಕೇಳಂಗಿಲ್ಲ."

ಅಯ್ಯನವರು ಹೇಳಿದರು. ವರ್ಷದಿಂದ ಒಳಗೇ ಇಟ್ಟುಕೊಂಡದ್ದನ್ನೆಲ್ಲ, ಪರಾತ ದಾಟಿ ಓಡಿದ್ದನ್ನೂ, ರಾತ್ರಿ ತಾವೇ ಎದ್ದು ಹಾಸಿಗೆ ಮಗುಚಿ ಹಾಕಿದ್ದನ್ನೂ ಹೇಳಿದರು. ಸಮ್ರೀನ್ ಒಮ್ಮೆಯೂ ನಗಲಿಲ್ಲ.

"ಒಂದ್ ಮಾತ್ ಕೇಳ್ರಿ. ನಿಮ್ಮ ಜೋಳಿಗಿ ಇರ್ತದಲ್ಲ, ಹಂಗ ಸೊಂಟದ ಬುಡಕ ಮಾಂಸದ್ದ ಒಂದ್ ಜೋಳಿಗಿ ಅದ. ಮ್ಯಾಲಿನದೆಲ್ಲಾ ಅದೇ ಎತ್ತಿ ಹಿಡಿತದ. ಆಪರೇಷನ್ ಆದಮ್ಯಾಲ ಅದು ಸಡ್ಲಾಗ್ಯದ. ಕೈಕಾಲಿನ ಸ್ನಾಯುಕ್ಕ ಕಸರತ್ ಮಾಡಿ ತಾಕತ್ ತುಂಬ್ತಾರಲ್ರಿ, ಇದಕ್ಕೂ ಹಂಗೇ. ಗಾಳಿ ತಡೀಲಿಕ್ಕೆ ಹ್ಯಾಂಗ ಬಿಗಿ ಹಿಡೀತೀರಿ? ಹಂಗ ಒಳಗ ಹಿಡೀರಿ, ಮ್ಯಾಲಕ್ಕ ಎಳೀರಿ. ಆಮ್ಯಾಲ ಪೂರಾ ಸಡ್ಲ ಬಿಡ್ರಿ."

ಅಯ್ಯನವರು ಪ್ರಯತ್ನಿಸಿದರು. ಹುಬ್ಬು ಮೇಲೆ ಹೋಯಿತು, ಭುಜ ಕಿವಿಗೆ ಹತ್ತಿತು, ಮೀಸೆ ನೆಟ್ಟಗಾಯಿತು.

"ಹುಬ್ಬಿನ್ದಲ್ರಿ ಕೆಲಸ! ಭುಜ ಇಳಸ್ರಿ. ಹೊಟ್ಟಿ, ಕುಂಡಿ ಬಿಗೀಬ್ಯಾಡ್ರಿ. ಉಸಿರ ಹಿಡೀಬ್ಯಾಡ್ರಿ. ಮಾರಿ ನೋಡಿದ್ರ ಯಾರಿಗೂ ಗೊತ್ತಾಗಬಾರದು."

ನಾಲ್ಕಾರು ಸಲ ಮಾಡಿದ ಮೇಲೆ ಅಯ್ಯನವರಿಗೆ ಆ ಹಿಡಿತ ಎಲ್ಲಿದೆ ಅನ್ನುವುದು ತಿಳಿಯಿತು. ಇಷ್ಟು ವರ್ಷ ಇದ್ದೂ ಪರಿಚಯವಾಗದ ನೆಂಟನೊಬ್ಬ ಸಿಕ್ಕಂತಾಯಿತು.

"ನೀರ ಬಿಡಬ್ಯಾಡ್ರಿ, ಬರಾಬರ್ ಕುಡೀರಿ. ಕೆಮ್ಮು ಬರೋ ಮೊದಲ, ಏಳೋ ಮೊದಲ ಒಮ್ಮಿ ಹಿಡೀರಿ. ಅವಸರ ಬಂದ್ರ ಓಡಬ್ಯಾಡ್ರಿ. ಓಡಿದ್ರ ಅದು ಇನ್ನೂ ಜೋರ್ ಮಾಡ್ತದ. ಇದ್ದಲ್ಲೇ ಕುಂದ್ರಿ, ಜಲ್ದಿ ಜಲ್ದಿ ನಾಕೈದು ಸಲ ಹಿಡದು ಬಿಡ್ರಿ. ಸಮುದ್ರದ ಅಲಿ ಬಂದಂಗ ಬಂದು ಹೋಗ್ತದ. ಹೋದಮ್ಯಾಲ ಆರಾಮಾಗಿ ಎದ್ದ ಹೋಗ್ರಿ."

"ನಾಳೀಗಿ ವಾಸಿ ಆಗ್ತದೇನು ತಾಯಿ?"

"ದಿನಾ ತಪ್ಪದಂಗ ಮಾಡಿದ್ರ ಎರಡ್ಮೂರು ತಿಂಗಳಿಗಿ ಭಾಳ ಕಡಿಮಿ ಆಗ್ತದ. ನಾಳೀಗಿ ಹ್ಯಾಂಗ ಆಗ್ತದರಿ?" ಅಂದವಳು ತುಸು ತಡೆದು, "ನಿಮ್ಮ ಭಕ್ತರ ಮುಂದ ಹೇಳಿಬಿಡ್ರಿ ಅಜ್ಜಾರ. ತಿಳಕೊಂತಾರ," ಅಂದಳು.

"ಅದೊಂದ ಆಗಂಗಿಲ್ಲ."

"ಎಲ್ಲಾರೂ ಹಿಂಗೇ ಅಂತಾರ. ನನ್ನ ಹಂತ್ಯಾಕ ಬರೋ ಅರ್ಧ ಮಂದಿಗಿ ಮೊಣಕಾಲೇ ನೋಯ್ತಾವ," ಅಂತ ಅವಳು ಯಂತ್ರ ಬಂದ್ ಮಾಡಿದಳು.

ಆಮೇಲೆ ತಮ್ಮಣ್ಣನ ಪಾಳಿ. ಒಳಗೆ ಹೋಗಿ ಕೂಡಲೇ ಹೊರಗೆ ಬಂದ, ಏನಾಯಿತೆಂದರೆ ಹೇಳಲಿಲ್ಲ. ಚನ್ನು ಮಾತ್ರ ಪರದೆ ಸರಿಸಿ ಕೈ ಮುಗಿದು, "ಡಾಕ್ಟರ್ ಅಮ್ಮಾರ, ನಮ್ಮ ಅಪ್ಪೋರ ಕಾಲಿಗಿ ನಾವೇನ್ ಸೇವಾ ಮಾಡಬೇಕ್ರಿ?" ಅಂತ ಕೇಳಿದ.

ಸಮ್ರೀನ್ ಅಯ್ಯನವರ ಮುಖ ನೋಡಿದಳು. ಗುಟ್ಟು ಕಾಯಬೇಕಲ್ಲ. "ಬಿಸಿ ಶಾಖ ಕೊಡ್ರಿ," ಅಂದಳು.

"ಬಿಸಿನೀರ ಹಾಕಿದ್ರ ನಡೀತದೇನ್ರಿ?"

"ನಡೀತದ," ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಚನ್ನು ಹೊರಗೆ ಹೋಗಿ ತಾಯಿಗೆ ಫೋನು ಹಚ್ಚಿದ್ದ.

ಹೊತ್ತು ಮುಳುಗುವ ಮೊದಲು ಮಳಖೇಡ ತಲುಪಿದಾಗ ಚನ್ನುವಿನ ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಸೋಮವಾರ ಬರುವುದರೊಳಗೆ ದೋಷ ಕಳೆಯಬೇಕೆಂದು ಗುರುಬಸಮ್ಮನ ಹಟ. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಪಕ್ಕದಲ್ಲಿ ಇನ್ನೊಂದು ಹಂಡೆ ಪಾಳಿಗೆ ಕಾದಿತ್ತು. ಫರಸಿ ಕಲ್ಲು ಹಾಸಿದ ಅಂಗಳದ ತುಂಬ ಓಣಿಯ ಜನ. ಸೂಗಮ್ಮನನ್ನೂ ಕರೆಸಿ ಹೆಂಗಸರ ನಡುವೆ ಕೂಡಿಸಿದ್ದರು. ಹೋದ ವಾರ ಮುನಿದುಹೋದ ಅಯ್ಯನವರು ಈ ವಾರ ಒಲಿಯುತ್ತಾರೋ ಇಲ್ಲವೋ ನೋಡಲು ತಮ್ಮಣ್ಣ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದ.

ಅಯ್ಯನವರು ಮೊದಲು ಬಚ್ಚಲಿಗೆ ಹೋಗಿಬಂದರು. ಆಮೇಲೆ ಮನಸ್ಸು ಗಟ್ಟಿ ಮಾಡಿ ಕುರ್ಚಿಯ ಮೇಲೆ ಕೂತು ಪರಾತದಲ್ಲಿ ಪಾದ ಇಟ್ಟರು.

ಬಿಸಿನೀರು ಬೀಳತೊಡಗಿತು. ಸ್ವಲ್ಪ ಹೊತ್ತಿಗೇ ಒಳಗಿನಿಂದ ಬಂತು ನೋಡಿ, ಅದೇ ಅವಸರ. ಹೋದ ವಾರದ ಹಾಗೇ ಕಾಲು ತಾನಾಗಿ ಮೇಲೇಳಲು ನೋಡಿತು. ಅಯ್ಯನವರು ಏಳಲಿಲ್ಲ. ಕಣ್ಣು ಮುಚ್ಚಿದರು. ಒಳಗೆ, ಮೇಲಕ್ಕೆ. ಬಿಡು. ಒಳಗೆ, ಮೇಲಕ್ಕೆ. ಬಿಡು. ಭುಜ ಕೆಳಗೆ, ಹುಬ್ಬು ಕೆಳಗೆ, ಉಸಿರು ಹೊರಗೆ. ಅವಸರ ಏರಿತು, ಎದೆಯ ತನಕ ಏರಿದಂತಾಯಿತು, ಹಾಗೇ ಇಳಿಯಿತು. ಇಳಿದೇಹೋಯಿತು! ವರ್ಷದಲ್ಲಿ ಮೊದಲ ಸಲ ಅಯ್ಯನವರು ಗೆದ್ದರು. ಆ ಹುಡುಗಿಗೆ ಮನಸ್ಸಿನಲ್ಲೇ ಕೈ ಮುಗಿದರು. ಮುಚ್ಚಿದ ಕಣ್ಣಿಂದ ಒಂದು ಹನಿ ಜಾರಿ ಗಡ್ಡಕ್ಕೆ ಇಳಿಯಿತು.

"ಅಪ್ಪೋರು ಒಲದಾರ!" ಅಂತ ಗುರುಬಸಮ್ಮ ಕೂಗಿದಳು. ಚನ್ನು ಉಮೇದಿನಿಂದ ಇನ್ನೊಂದು ತಂಬಿಗೆ ತುಂಬಿದ.

ಇಲ್ಲಿ ಒಂದು ಸಂಗತಿ ಹೇಳಬೇಕು. ಚನ್ನುವಿನ ಮನೆತನದಲ್ಲಿ ಅವನ ಅಜ್ಜನ ಕಾಲದಿಂದ ಒಂದು ವಾಡಿಕೆ ಇತ್ತು. ಅಯ್ಯನವರು ತಾವಾಗಿ ಏಳುವ ತನಕ ನೀರು ನಿಲ್ಲಿಸಬಾರದು. ಆ ಕಾಲದ ಅಯ್ಯನವರು ಬೇಗ ಏಳುತ್ತಿದ್ದರು, ಮಡಿವಾಳಯ್ಯನವರೂ ಇಷ್ಟು ದಿನ ಹಾಗೇ ಏಳುತ್ತಿದ್ದರು, ಹಾಗಾಗಿ ಈ ವಾಡಿಕೆ ಅವರ ಗಮನಕ್ಕೆ ಬಂದಿರಲಿಲ್ಲ. ಈಗ ನೀರು ನಿಲ್ಲಲಿ, ಅಲೆ ಇಳಿಯಲಿ, ಆಮೇಲೆ ಎದ್ದರಾಯಿತು ಅಂತ ಅಯ್ಯನವರು ಕಾಯುತ್ತಿದ್ದರು. ಅಯ್ಯನವರು ಏಳಲಿ, ಆಮೇಲೆ ನೀರು ನಿಲ್ಲಿಸಿದರಾಯಿತು ಅಂತ ಚನ್ನು ಕಾಯುತ್ತಿದ್ದ.

ಮೊದಲ ಹಂಡೆ ಖಾಲಿಯಾಯಿತು. ಎರಡನೆಯದು ಒಲೆಯಿಂದ ಇಳಿಯಿತು. ಒಂದು ಅಲೆ ಇಳಿದು ಇನ್ನೊಂದು ಬಂತು, ಅದರ ಬೆನ್ನಿಗೆ ಮತ್ತೊಂದು. ಸಮ್ರೀನ್ ಅಲೆಯ ಮಾತು ಹೇಳಿದ್ದಳು, ಹಂಡೆಯ ಮಾತು ಹೇಳಿರಲಿಲ್ಲ. ಸುತ್ತ ಕೂತವರು, "ಹ್ಯಾಂಗ ಕುಂತಾರ ನೋಡ್ರಿ, ಕಲ್ಲಿನಂಗ," ಅಂತ ಪಿಸುಗುಟ್ಟುತ್ತಿದ್ದರು. ಎದ್ದರೆ ಆ ಕ್ಷಣವೇ ಧೋತರ ಒದ್ದೆ. ಕೂತರೆ ಇನ್ನೊಂದು ತಂಬಿಗೆ. ಇನ್ನು ಉಳಿದದ್ದು ಒಂದೇ ದಾರಿ.

"ನಿಲ್ಲಸು," ಅಂದರು ಅಯ್ಯನವರು.

ಚನ್ನು ತಂಬಿಗೆ ಕೆಳಗಿಟ್ಟ.

"ಚನ್ನು, ಹೋದ ವಾರ ನಾ ಸಿಟ್ಟಾಗಿ ಎದ್ದಿರಲಿಲ್ಲ. ಮೊಣಕಾಲ ನೋವೂ ಸುಳ್ಳು. ನನಗ ಉಚ್ಚಿ ತಡಿಯೂದಿಲ್ಲ. ಆಪರೇಷನ್ ಆದಾಗಿಂದ ಹಿಂಗ ಅದ. ಅದಕ್ಕ ಓಡಿದೆ, ಅದಕ್ಕೇ ಶಹಾಬಾದಕ್ಕ ಹೋಗಿದ್ದೆ. ಕಸರತ್ ಕಲ್ತ ಬಂದೀನಿ, ಹಿಡ್ಕೊಂಡು ಕುಂತೀನಿ. ಇಂಥಾವನ ಪಾದ ತೊಳಿಯೂದು ಬ್ಯಾಡ ಅನ್ನಿಸಿದ್ರ, ಬ್ಯಾರೆ ಅಯ್ಯನೋರನ್ನ ಕರ್ಕೊಂಡ ಬರ್ರಿ. ನನಗ ಬ್ಯಾಸರಿಲ್ಲ."

ಕೊನೆಯ ಮಾತು ಸುಳ್ಳು. ಅಪ್ಪ, ಅಜ್ಜ, ಈ ಊರು, ಎಲ್ಲ ಇವತ್ತಿಗೆ ಮುಗಿಯಿತು ಅಂದುಕೊಂಡು ತಲೆ ತಗ್ಗಿಸಿದರು. ಅಯ್ಯನವರು ಒಮ್ಮೆ ಒಳಗೆ ಬಿಗಿ ಹಿಡಿದು ಏಳಲು ನೋಡಿದರು.

ಅಷ್ಟರಲ್ಲಿ ಗುರುಬಸಮ್ಮ ಮುಂದೆ ಬಂದು, ಎರಡೂ ಪಾದ ಹಿಡಿದು ಹಣೆ ಹಚ್ಚಿದಳು. ಪಾದ ಹಿಡಿದವರಿರುವಾಗ ಹೇಗೆ ಏಳುವುದು? ಅವಳು ಕತ್ತು ಎತ್ತಿ ಅಯ್ಯನವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಅಪ್ಪೋರ, ನನಗೂ ಅದರಿ. ಚನ್ನು ಹುಟ್ಟಿದಾಗಿಂದ. ಸೀನಿದ್ರ ಸೀರಿ ಬದಲಿ ಮಾಡಬೇಕು. ಆ ಹುಡುಗಿ ಏನ್ ಹೇಳಿದ್ಳು, ನನಗೂ ಹೇಳ್ರಿ."

ಅಯ್ಯನವರು ಬೆರಗಾಗಿ ಅವಳ ಮುಖ ನೋಡಿದರು. ಒಳಗೆ ಹಿಡಿಯುವುದು, ಮೇಲಕ್ಕೆ ಎಳೆಯುವುದು, ಉಸಿರು ಬಿಡುವುದು, ಅವಸರ ಬಂದರೆ ಓಡದೆ ಇದ್ದಲ್ಲೇ ಕೂಡುವುದು, ಎಲ್ಲ ಹೇಳಿದರು. "ಮೊದಲ ಆಕೀಗಿ ತೋರಸು, ತಪ್ಪ ಮಾಡಿದ್ರ ಉಪಯೋಗಿಲ್ಲ," ಅಂದರು. ಹೇಳಿ ಮುಗಿಸುವಷ್ಟರಲ್ಲಿ ಅವಳ ಹಿಂದೆ ಸೊಸೆ ನಿಂತಿದ್ದಳು. ಅವಳಿಗೆ ಎರಡನೆಯ ಹೆರಿಗೆಯಾದ ಮೇಲೆ ಶುರುವಾಗಿತ್ತು. ಅತ್ತೆಯ ಮುಂದೆ ಹೇಳಲು ಅಂಜಿದ್ದಳು, ಅತ್ತೆ ಸೊಸೆಯ ಮುಂದೆ ಹೇಳಲು ನಾಚಿದ್ದಳು. ಒಂದೇ ಬಚ್ಚಲಲ್ಲಿ ಇಬ್ಬರೂ ಕದ್ದು ಕದ್ದು ಸೀರೆ ಹಿಂಡುತ್ತಿದ್ದರಂತೆ.

ಮೂರನೆಯವನು ತಮ್ಮಣ್ಣ. ಕಾಲಿಗೆ ಬಿದ್ದು ಬಹಳ ಹೊತ್ತು ಮೇಲೇಳಲಿಲ್ಲ. ಕೊನೆಗೆ, "ನನ್ನ ಮೊಣಕಾಲೂ ಸುಳ್ರಿ ಅಪ್ಪೋರ. ಪರದಿ ಆಚಿ ಚನ್ನು ಇದ್ದ, ಬಾಯಿ ಬರಲಿಲ್ಲ," ಅಂದ.

"ನಾ ಒಂದ್ ಸಲ ಬಚ್ಚಲಕ್ಕ ಹೋಗಿ ಬರ್ತೀನಿ," ಅಂತ ಅಯ್ಯನವರು ಅಂಗಲಾಚಿದರು. ಯಾರ ಕಿವಿಗೂ ಬೀಳಲಿಲ್ಲ. ಒಬ್ಬರು ಪಾದ ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಿದ್ದರು. ಸಾಲು ಅಂಗಳ ದಾಟಿ ಬಾಗಿಲ ತನಕ ಬೆಳೆಯಿತು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಎಲ್ಲರೂ ವಿಭೂತಿಗೆ ನಿಂತವರ ಹಾಗೆ ಗಂಭೀರವಾಗಿದ್ದರು. ಊರಿನಲ್ಲಿ ತಮಗೊಬ್ಬರಿಗೇ ಹೀಗೆ ಅಂತ ಒಬ್ಬೊಬ್ಬರೂ ತಿಳಿದಿದ್ದರು. ಅಯ್ಯನವರ ಕಿವಿಯಲ್ಲಿ ಅಷ್ಟೂ ಮಂದಿಯ ಸಂಕಟ ಬಂದು ಸೇರಿತು. ಅವರ ಕಣ್ಣು ಒದ್ದೆಯಾದವು. ಧೋತರ ಮಾತ್ರ ಇನ್ನೂ ಒಣಗಿಯೇ ಇತ್ತು, ಅದೂ ಎಷ್ಟು ಹೊತ್ತೋ ಗೊತ್ತಿರಲಿಲ್ಲ.

ಅಂತೂ ಸಾಲು ಕರಗಿತು. ಅಯ್ಯನವರು ದೀರ್ಘವಾಗಿ ಉಸಿರು ಬಿಟ್ಟು, ಒಳಗೆ ಬಿಗಿ ಹಿಡಿದು, ಕುರ್ಚಿಯ ಕೈಗಳ ಮೇಲೆ ಭಾರ ಹಾಕಿದರು. ಆಗ ಇನ್ನೊಂದು ಜೊತೆ ಕೈ ಬಂದು ಪಾದ ಹಿಡಿದವು. ಆ ಕೈಯ ಹಸಿರು ಬಳೆಗಳನ್ನು ಅವರು ಎಲ್ಲಿದ್ದರೂ ಗುರುತಿಸುತ್ತಿದ್ದರು.

"ಸೂಗೀ? ನೀ ಯಾಕ ಸಾಲಿನಾಗ ನಿಂತಿ?"

"ಭಾಗ್ಯಜ್ಯೋತಿ ಹುಟ್ಟಿದಾಗಿಂದ," ಅಂದಳು ಸೂಗಮ್ಮ.

ಭಾಗ್ಯಜ್ಯೋತಿ ಅವರ ಒಬ್ಬಳೇ ಮಗಳು. ಅವಳ ಮಗಳೇ ಈಗ ಚಿಂಚೋಳಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಯ್ಯನವರಿಗೆ ಲೆಕ್ಕ ಹಾಕುವ ಧೈರ್ಯವಾಗಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದು ದಿನವೂ ತಮಗೆ ತಿಳಿಯಲಿಲ್ಲವಲ್ಲ!

"ಮನ್ಯಾಗ ಒಂದ್ ಮಾತ್ ಹೇಳಬಾರದೇನು?"

"ಮನ್ಯಾಗ ನೀವು ಯಾವಾಗ ಹಿಂಗ ಸುಮ್ನ ಕುಂತು ಕೇಳೀರಿ?"

"ಆಯ್ತು, ತಪ್ಪು ನಂದೇ. ನಡಿ, ಮನೀಗಿ ಹೋಗಿ ಎಲ್ಲಾ ಕೇಳ್ತೀನಿ. ಈಗ ಪಾದ ಬಿಡು, ನನಗ ಭಾಳ ಅವಸರ ಆಗ್ಯದ," ಅಂತ ಅಯ್ಯನವರು ಬೇಡಿಕೊಂಡರು.

ಸೂಗಮ್ಮ ಪಾದ ಬಿಡಲಿಲ್ಲ. ಫರಸಿಯ ಮೇಲೆ ಸೆರಗು ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

"ಓಡಬ್ಯಾಡ್ರಿ, ಇದ್ದಲ್ಲೇ ಕುಂದ್ರಿ," ಅಂದಳು. "ಮೊದಲಿಂದ ಹೇಳ್ತೀನಿ."